ಮೂಡಿಗೆರೆಯ ತೋಟದ ದಾರಿಗೆ 17 ಇಂಚಿನ ಅಲಾಯ್ ಆದೀತೆ?

ಮೂಡಿಗೆರೆ ಕಡೆಯ ಓದುಗರೊಬ್ಬರ ಪತ್ರ: "ನಮ್ಮದು 15 ಇಂಚಿನ ಸ್ಟೀಲ್ ರಿಮ್ ಇರುವ ಬಲೆನೊ. ಟೈರ್ ಸವೆದಿವೆ, ಹೇಗೂ ಬದಲಿಸುವುದಿದೆ, ಜೊತೆಗೇ ಅಲಾಯ್ (ಮಿಶ್ರಲೋಹದ) ರಿಮ್ ಹಾಕಿಸೋಣವೆಂದು ಹಾಸನದಲ್ಲಿ ವಿಚಾರಿಸಿದೆ. 17 ಇಂಚು ಹಾಕಿಸಿ, 205/50 ಟೈರ್ ಕೂರುತ್ತದೆ, ಘಾಟಿಯಲ್ಲಿ ಹಿಡಿತವೂ ಜಾಸ್ತಿ ಎಂದರು. ಮಗನಿಗೂ 17 ಬೇಕು. ಮನೆಯವರಿಗೆ ಸೊಂಟನೋವು, ಕಾರು ಕುಲುಕಬಾರದು. ಮನೆಯಿಂದ ಡಾಂಬರು ರಸ್ತೆಗೆ ಒಂದೂವರೆ ಕಿಲೋಮೀಟರ್ ತೋಟದ ದಾರಿ. ತಿಂಗಳಿಗೆರಡು ಸಲ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತೇವೆ. ಯಾವುದು ಸರಿ?"

ಸಂಪಾದಕರ ಉತ್ತರ:

ಮೊದಲೇ ಹೇಳಿಬಿಡುತ್ತೇವೆ, 17 ಬೇಡ. 15ರಲ್ಲೇ ಒಳ್ಳೆಯ ಅಲಾಯ್ ಹಾಕಿಸಿ. ಮಗ ಪಟ್ಟು ಬಿಡದಿದ್ದರೆ 16ಕ್ಕೆ ರಾಜಿಯಾಗಿ, ಅದರಾಚೆ ಹೋಗಬೇಡಿ.

ನಿಮ್ಮ ಕಾರಿನ ಟೈರ್ 185/65 ಆರ್15. 185 ಎಂದರೆ ಅಗಲ, ಮಿಲಿಮೀಟರಿನಲ್ಲಿ. ಅದರ ಶೇಕಡಾ 65 ಟೈರಿನ ಗೋಡೆಯ ಎತ್ತರ, ಅಂದರೆ ಸುಮಾರು 120 ಮಿ.ಮೀ. ರಿಮ್ಮಿನ 15 ಇಂಚಿಗೆ, ಅಂದರೆ 381 ಮಿ.ಮೀ.ಗೆ, ಕೆಳಗೂ ಮೇಲೂ ಇರುವ ಎರಡು ಗೋಡೆ ಸೇರಿಸಿದರೆ ಚಕ್ರದ ಒಟ್ಟು ವ್ಯಾಸ 621.5 ಮಿ.ಮೀ. ಈ ಒಟ್ಟು ಅಳತೆಯನ್ನು ಹಾಗೇ ಉಳಿಸಿಕೊಳ್ಳಬೇಕು. ಸ್ಪೀಡೋಮೀಟರ್, ಗೇರ್, ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಎಲ್ಲವೂ ಅದನ್ನೇ ನಂಬಿಕೊಂಡಿವೆ. ಹಾಗಾಗಿ ರಿಮ್ ದೊಡ್ಡದಾದಷ್ಟೂ ರಬ್ಬರಿನ ಗೋಡೆ ಗಿಡ್ಡವಾಗುತ್ತ ಹೋಗುತ್ತದೆ. 16ಕ್ಕೆ 195/55 ಹಾಕಿದರೆ ಗೋಡೆ 107 ಮಿ.ಮೀ., 17ಕ್ಕೆ 205/45 ಹಾಕಿದರೆ ಬರೀ 92.

15ರಿಂದ 17ಕ್ಕೆ ಹೋದರೆ ಕಳೆದುಕೊಳ್ಳುವುದು 28 ಮಿ.ಮೀ., ಸುಮಾರು ಎರಡು ಬೆರಳಗಲ. ತೋಟದ ದಾರಿಯಲ್ಲಿ ಕಲ್ಲು ಹತ್ತಿದಾಗ ಮೊದಲು ಮಡಿಚಿಕೊಂಡು ಪೆಟ್ಟು ನುಂಗುವುದು ಆ ರಬ್ಬರು, ಶಾಕ್‌ಅಬ್ಸಾರ್ಬರಿನ ಪಾಳಿ ಆಮೇಲೆ. ಮಳೆಗಾಲದಲ್ಲಿ ಗುಂಡಿ ತುಂಬ ನೀರು ನಿಂತಾಗ ಅದು ಗೇಣುದ್ದವೋ ಮೊಳದುದ್ದವೋ ಕಾಣುವುದಿಲ್ಲ. ಗುಂಡಿಯ ಚೂಪು ಅಂಚಿಗೆ ಚಕ್ರ ಬಡಿದಾಗ ಗೋಡೆ ಗಿಡ್ಡವಾಗಿದ್ದರೆ ಟೈರು ಅಂಚಿಗೂ ರಿಮ್ಮಿಗೂ ನಡುವೆ ಅಡಕತ್ತರಿಯ ಅಡಿಕೆಯಾಗುತ್ತದೆ. ಒಳಗಿನ ದಾರಗಳು ತುಂಡಾಗಿ ಎರಡು ದಿನ ಬಿಟ್ಟು ಗೋಡೆಯ ಮೇಲೆ ಗುಳ್ಳೆ ಏಳುತ್ತದೆ. ಗೋಡೆಯ ಗುಳ್ಳೆಗೆ ಪ್ಯಾಚ್ ಇಲ್ಲ, ಟೈರನ್ನೇ ಎಸೆಯಬೇಕು. ಅದೇ ಪೆಟ್ಟಿಗೆ ಸ್ಟೀಲ್ ರಿಮ್ ಬಗ್ಗಿದರೆ ತಟ್ಟಿ ಸರಿಮಾಡಬಹುದು. ಅಲಾಯ್ ಬಿರುಕು ಬಿಟ್ಟರೆ ವೆಲ್ಡಿಂಗ್ ಮಾಡಿಸಿ ಘಾಟಿ ಇಳಿಯುವ ಸಾಹಸ ಬೇಡ.

205/50 ಸಲಹೆಗೆ ಬರೋಣ. 45ರ ಬದಲು 50 ಹಾಕಿದರೆ ಗೋಡೆ 102 ಮಿ.ಮೀ.ಗೆ ಏರುತ್ತದೆ, ಕುಲುಕಾಟ ಕೊಂಚ ತಗ್ಗುತ್ತದೆ, ನಿಜ. ಆದರೆ ಒಟ್ಟು ವ್ಯಾಸ 636.8 ಆಗಿ ಶೇಕಡಾ ಎರಡೂವರೆ ಹಿಗ್ಗುತ್ತದೆ. ಕಾರು ಮೊದಲು 100ರಲ್ಲಿ ಓಡುತ್ತಿದ್ದಾಗ ಮುಳ್ಳು ಎಲ್ಲಿರುತ್ತಿತ್ತೋ, ಈಗ ಅಲ್ಲೇ ಇದ್ದರೂ ಕಾರು 102.5ರಲ್ಲಿ ಓಡುತ್ತಿರುತ್ತದೆ. ಪ್ರತಿ ಗೇರೂ ಅಷ್ಟೇ ಉದ್ದವಾಗುತ್ತದೆ. 1.2 ಲೀಟರ್ ಎಂಜಿನ್ನಿನಲ್ಲಿ ಜನ ತುಂಬಿಕೊಂಡು ಚಾರ್ಮಾಡಿ ಹತ್ತುವಾಗ ಎರಡನೇ ಗೇರಿನಲ್ಲಿ ಎಳೆಯುತ್ತಿದ್ದ ತಿರುವಿಗೆ ಒಂದನೇ ಗೇರು ಹುಡುಕಬೇಕಾದೀತು. ರಿಮ್ ದೊಡ್ಡದಾದಂತೆ ಲೋಹದ ತೂಕ ಚಕ್ರದ ನಡುವಿನಿಂದ ಅಂಚಿಗೆ ಸರಿಯುತ್ತದೆ. ಅದನ್ನು ತಿರುಗಿಸಲೂ ನಿಲ್ಲಿಸಲೂ ಹೆಚ್ಚು ಬಲ ಬೇಕು. ಅಂಗಡಿಯಲ್ಲಿ ರಿಮ್ಮನ್ನು ತಕ್ಕಡಿಗಿಡಿಸಿ. ನಿಮ್ಮ ಸ್ಟೀಲ್ ರಿಮ್ಮಿಗಿಂತ ಭಾರದ ಅಲಾಯ್‌ಗಳೂ ಮಾರುಕಟ್ಟೆಯಲ್ಲಿವೆ, ಅವಕ್ಕೆ ದುಡ್ಡು ಕೊಡುವುದು ಬರೀ ಬಣ್ಣಕ್ಕೆ.

ಘಾಟಿಯಲ್ಲಿ ಹಿಡಿತ ಜಾಸ್ತಿ ಎಂಬುದು ಅರ್ಧ ಸತ್ಯ. ಒಣ ಡಾಂಬರಿನಲ್ಲಿ ಗಿಡ್ಡ ಗೋಡೆಯ ಟೈರು ತಿರುವಿನಲ್ಲಿ ಕಡಿಮೆ ಓಲಾಡುತ್ತದೆ, ಸ್ಟೇರಿಂಗ್ ಚುರುಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾರ್ಮಾಡಿ ಒಣಗಿರುವುದು ಯಾವಾಗ? ರಸ್ತೆ ಮೇಲೆ ನೀರು ಹರಿಯುವಾಗ ಅಗಲದ ಟೈರು ಬೇಗ ತೇಲುತ್ತದೆ. ಒದ್ದೆಯಲ್ಲಿ ಕಾಯುವುದು ರಬ್ಬರಿನ ಗುಣ ಮತ್ತು ಟೈರಿನ ಮೇಲಿನ ಕಚ್ಚುಗಳ ಆಳ. ಕಚ್ಚುಗಳೊಳಗಿನ ಸವೆತದ ಗುರುತು 1.6 ಮಿ.ಮೀ.ಗೆ ಇರುತ್ತದೆ. ಮಲೆನಾಡಿನವರು ಅಲ್ಲಿವರೆಗೂ ಕಾಯಬಾರದು, 3 ಮಿ.ಮೀ.ಗೆ ಬಂದಾಗ, ಮಳೆಗೆ ಮೊದಲೇ ಬದಲಿಸಿ.

ಇಷ್ಟಾದರೂ 16 ಎಂದು ತೀರ್ಮಾನವಾದರೆ 195/55 ಆರ್16 ಹಾಕಿಸಿ. ಬಲೆನೊದ ಮೇಲಿನ ವೇರಿಯೆಂಟ್‌ಗಳಿಗೆ ಕಂಪನಿಯೇ ಕೊಡುವ ಅಳತೆ ಅದು, ಮುಂದೆ ವಿಮೆಯವರು ಕೇಳಿದರೂ ಹೇಳಲು ಉತ್ತರವಿರುತ್ತದೆ. ಅಲಾಯ್ ಹಾಕಿಸಿದ್ದನ್ನು ವಿಮಾ ಕಂಪನಿಗೆ ಬರೆದು ತಿಳಿಸಿ. ವ್ಯಾಸ 620.9 ಆಗುವುದರಿಂದ ಈಗಿನ 15ರ ಸ್ಟೆಪ್ನಿಯೂ ಕೆಲಸಕ್ಕೆ ಬರುತ್ತದೆ.

ರಿಮ್ ಕೊಳ್ಳುವಾಗ ಎಡವುವುದು ಇಂಚಿನಲ್ಲಲ್ಲ, ಉಳಿದ ಅಳತೆಗಳಲ್ಲಿ. ನಿಮ್ಮ ಕಾರಿನ ಪಿಸಿಡಿ 4x100, ಅಂದರೆ ನಾಲ್ಕು ನಟ್ಟು, ಅವು ಕೂರುವ ವೃತ್ತದ ವ್ಯಾಸ 100 ಮಿ.ಮೀ. 4x98 ರಿಮ್ಮೂ ಒತ್ತಿ ಬಿಗಿದರೆ ಕೂತಂತೆ ಕಾಣುತ್ತದೆ, ಆದರೆ ನಟ್ಟು ಓರೆಯಾಗಿ ಕೂತು ದಾರಿಯಲ್ಲಿ ಸಡಿಲವಾಗುತ್ತದೆ. ರಿಮ್ಮು ಕೂರುವ ಹಬ್ಬಿನ ನಡುಭಾಗ 54.1 ಮಿ.ಮೀ. ಹೊರಗಿನ ರಿಮ್ಮುಗಳ ನಡುತೂತು ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು. ಆ ಸಂದಿಗೆ ಸರಿಯಾದ ರಿಂಗ್ ಹಾಕಿಸದಿದ್ದರೆ, ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ 80-90ರಲ್ಲಿ ಸ್ಟೇರಿಂಗ್ ನಡುಗುವುದು ನಿಲ್ಲದಿರಬಹುದು. ಅಲಾಯ್‌ಗೆ ಅದರದ್ದೇ ನಟ್ಟು ಬೇಕು. ಹಳೇ ಸ್ಟೀಲ್ ರಿಮ್ಮಿನ ನಟ್ಟನ್ನೇ ಹಾಕಲು ಬಿಡಬೇಡಿ, ಆದರೆ ಸ್ಟೆಪ್ನಿಗಾಗಿ ಅದರ ಒಂದು ಸೆಟ್ ಡಿಕ್ಕಿಯಲ್ಲಿರಲಿ.

ಎಲ್ಲಕ್ಕಿಂತ ಮುಖ್ಯ ಆಫ್‌ಸೆಟ್, ಅಂದರೆ ರಿಮ್ಮು ಹಬ್ಬಿಗೆ ಕೂರುವ ಜಾಗ ರಿಮ್ಮಿನ ನಡುಗೆರೆಯಿಂದ ಎಷ್ಟು ಆಚೆಗಿದೆ ಎಂಬುದು. ಒಳಗಡೆ 'ಇಟಿ' ಎಂದು ಅಚ್ಚಾಗಿರುತ್ತದೆ. ಉದಾಹರಣೆಗೆ 6 ಇಂಚು ಅಗಲದ, ಇಟಿ 45ರ ರಿಮ್ ತೆಗೆದು 7 ಇಂಚು ಅಗಲದ, ಇಟಿ 40ರದ್ದು ಹಾಕಿದರೆ ಹೊರ ಅಂಚು 17.7 ಮಿ.ಮೀ. ಆಚೆ ಬರುತ್ತದೆ, ಒಳ ಅಂಚು 7.7 ಮಿ.ಮೀ. ಶಾಕ್‌ಅಬ್ಸಾರ್ಬರ್ ಕಡೆ ಸರಿಯುತ್ತದೆ. ಖಾಲಿ ಕಾರು ಅಂಗಡಿ ಮುಂದೆ ನಿಂತಾಗ ಏನೂ ತಗಲುವುದಿಲ್ಲ. ಐದು ಜನ ಕೂತು, ಹೇರ್‌ಪಿನ್ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದಿನ ಚಕ್ರ ಗುಂಡಿಗಿಳಿದಾಗ ಉಜ್ಜುತ್ತದೆ. ನಿಮ್ಮ ಈಗಿನ ರಿಮ್ಮಿನ ಅಗಲ, ಇಟಿ ಎರಡನ್ನೂ ಬರೆದುಕೊಂಡು ಹೋಗಿ, ಆದಷ್ಟು ಹತ್ತಿರದ್ದನ್ನೇ ಕೇಳಿ.

ಟೈರಿನಲ್ಲಿ ಎರಡು ಅಂಕಿ ನೋಡಿ. ಅಳತೆಯ ನಂತರ ಬರುವ 88 ಎಂದರೆ ಒಂದು ಟೈರು 560 ಕೆ.ಜಿ. ಹೊರುತ್ತದೆ, 87 ಎಂದರೆ 545, 84 ಎಂದರೆ 500. ಕಾರಿನ ಕೈಪಿಡಿಯಲ್ಲಿ ನಿಮ್ಮ ಅಳತೆಗೆ ಕೊಟ್ಟದ್ದಕ್ಕಿಂತ ಕಡಿಮೆಯದು ಬೇಡ. ಇನ್ನೊಂದು, ಗೋಡೆಯ ಮೇಲಿನ ನಾಲ್ಕಂಕಿ ತಯಾರಿಯ ವಾರ ಮತ್ತು ವರ್ಷ: 2324 ಎಂದಿದ್ದರೆ 2024ರ 23ನೇ ವಾರ. ಹೊಸ ಟೈರೆಂದು ಮೂರು ವರ್ಷದ ಹಿಂದಿನದನ್ನು ಕೊಟ್ಟರೆ ಬೇಡವೆನ್ನಿ.

ಹಾಕಿಸಿದ ಮೇಲೆ ಮಡ್‌ಗಾರ್ಡಿನ ಒಳ ಅಂಚಿಗೆ ಸೀಮೆಸುಣ್ಣ ಬಳಿದು, ಹಿಂದೆ ಮೂವರನ್ನು ಕೂರಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸುತ್ತ ನಿಮ್ಮ ತೋಟದ ದಾರಿಯಲ್ಲೇ ನಿಧಾನಕ್ಕೆ ಒಮ್ಮೆ ಹೋಗಿ ಬನ್ನಿ. ಸುಣ್ಣ ಅಳಿಸಿದ್ದರೆ ಅಂಗಡಿಗೆ ವಾಪಸ್ಸು ಒಯ್ಯಿರಿ. ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ಪಾನಾದಲ್ಲಿ ಮತ್ತೊಮ್ಮೆ ಬಿಗಿ ಮಾಡಿಸಿ, ಆಮೇಲೆ ಚಾರ್ಮಾಡಿ ಇಳಿಯಿರಿ.