ಆಪರೇಷನ್ ವೇಳೆ ನಾಯಿಗೆ ಆಕ್ಸಿಜನ್: ಶಿಡ್ಲಘಟ್ಟದ ತಂಗಿಯ ಪ್ರಶ್ನೆಗೆ ಉತ್ತರ

ತಂಗಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಏಳು ವರ್ಷದ, 28 ಕೆ.ಜಿ. ತೂಕದ ಲ್ಯಾಬ್ರಡಾರ್ ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬಿದ್ದು, ನಾಡಿದ್ದು ಆಪರೇಷನ್ ಇದೆ. ವೈದ್ಯರ ಬಳಿ ಗ್ಯಾಸ್ ಅರಿವಳಿಕೆಯ ಯಂತ್ರವಿಲ್ಲ, ಇಂಜೆಕ್ಷನ್ನಿನಲ್ಲೇ ಮಾಡುತ್ತಾರೆ. 2021ರಲ್ಲಿ ಮಾವನವರಿಗೆಂದು ಕೊಂಡಿದ್ದ ಐದು ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ ನಿಮ್ಮ ರೇಷ್ಮೆ ಹುಳುಮನೆಯಲ್ಲಿ, ಗೂಡು ಕಟ್ಟಿಸುವ ಚಂದ್ರಿಕೆಗಳ ಹಿಂದೆ ಬಿದ್ದಿದೆ. ಅದನ್ನು ಒಯ್ಯಬಹುದೇ ಎಂಬುದು ನಿಮ್ಮ ಪ್ರಶ್ನೆ. ಇಂಜೆಕ್ಷನ್ ಕೊಟ್ಟ ನಾಯಿ ತಾನೇ ಉಸಿರಾಡುವುದರಿಂದ ಆಕ್ಸಿಜನ್ ಬೇಕಾಗಿಲ್ಲ ಎಂದು ಇಲ್ಲಿ ಇಬ್ಬರು ಉತ್ತರಿಸಿದ್ದಾರೆ.

ಒಯ್ಯಿರಿ. ಆದರೆ ಒಯ್ಯುವ ಮುನ್ನ ವೈದ್ಯರಿಗೆ ಫೋನ್ ಮಾಡಿ ಕೇಳಿ, ಅವರು ಬೇಡವೆನ್ನುವುದು ಅಪರೂಪ. ನಾನು ವೈದ್ಯನಲ್ಲ, ಚಿಂತಾಮಣಿ, ಮುಳಬಾಗಿಲು ಕಡೆಯ ಪಶು ಆಸ್ಪತ್ರೆಗಳಲ್ಲಿ ಪಶುವೈದ್ಯಕೀಯ ಪರೀಕ್ಷಕನಾಗಿ ದುಡಿದು ನಿವೃತ್ತನಾದವನು. ಆಪರೇಷನ್ ಮೇಜಿನ ತಲೆಯ ಕಡೆ ನಿಂತು ನೋಡಿ ಕಲಿತದ್ದನ್ನಷ್ಟೇ ಬರೆಯುತ್ತಿದ್ದೇನೆ. ಔಷಧದ ಪ್ರಮಾಣದ ಮಾತು ಇಲ್ಲಿ ಬೇಡ, ಅದು ವೈದ್ಯರ ಕೆಲಸ.

ಇಂಜೆಕ್ಷನ್ನಿನಲ್ಲಿ ನಾಯಿ ತಾನೇ ಉಸಿರಾಡುತ್ತದೆ ಎಂಬ ಮಾತು ಅರ್ಧ ನಿಜ. ಮಿದುಳಿನ ಬುಡದಲ್ಲಿ ಉಸಿರಾಟವನ್ನು ನಡೆಸುವ ಕೇಂದ್ರವಿದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದೊಡನೆ ಅದು ಎಚ್ಚೆತ್ತು ಉಸಿರನ್ನು ಜೋರು ಮಾಡುತ್ತದೆ. ಅರಿವಳಿಕೆಯ ಔಷಧಗಳಲ್ಲಿ ಹೆಚ್ಚಿನವು, ಗ್ಯಾಸ್ ಇರಲಿ ಇಂಜೆಕ್ಷನ್ ಇರಲಿ, ಈ ಎಚ್ಚರವನ್ನು ಮಂಕು ಮಾಡುತ್ತವೆ. ಹಾಲಿನಂತೆ ಬೆಳ್ಳಗಿರುವ ಪ್ರೊಪೋಫಾಲ್ ಅನ್ನು ಬೇಗ ಚುಚ್ಚಿದರೆ ಉಸಿರು ಕೆಲಕಾಲ ನಿಂತೇ ಹೋಗುವುದುಂಟು, ಅದಕ್ಕಾಗಿಯೇ ವೈದ್ಯರು ಅದನ್ನು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿದು ನಿಧಾನವಾಗಿ ಕೊಡುತ್ತಾರೆ. ಕೆಟಮಿನ್ ಕೊಟ್ಟ ನಾಯಿ ಕೆಲವೊಮ್ಮೆ ಉಸಿರನ್ನು ಒಳಗೆಳೆದು, ಹಿಡಿದಿಟ್ಟು, ಆಮೇಲೆ ಬಿಡುತ್ತದೆ. ಮೊದಲ ಸಲ ನೋಡುವವರ ಎದೆ ಧಸಕ್ಕೆನ್ನುತ್ತದೆ. ಇದರ ಮೇಲೆ ನಿಮ್ಮ ನಾಯಿಯನ್ನು ಬೆನ್ನ ಮೇಲೆ ಮಲಗಿಸುತ್ತಾರೆ. ಕೀವು ತುಂಬಿದ ಭಾರದ ಗರ್ಭಕೋಶವೂ ಕರುಳೂ ವಪೆಯನ್ನು ಎದೆಯೊಳಕ್ಕೆ ತಳ್ಳುತ್ತವೆ, ಶ್ವಾಸಕೋಶದ ಕೆಳಭಾಗ ಮುದುಡಿಕೊಳ್ಳುತ್ತದೆ. ಹೊರಗಿನ ಗಾಳಿಯಲ್ಲಿ ಆಕ್ಸಿಜನ್ ಇರುವುದು ಶೇ. 21 ಮಾತ್ರ, ಮುದುಡಿದ ಶ್ವಾಸಕೋಶ ಮತ್ತು ಮಂಕಾದ ಉಸಿರಿಗೆ ಅಷ್ಟು ಸಾಲದೆ ಹೋಗಬಹುದು.

ಔಷಧ ಕೊಡುವ ಮೊದಲೇ ಆಕ್ಸಿಜನ್ ಕೊಡುವುದರ ಲಾಭ ಹಲವರಿಗೆ ತಿಳಿದಿಲ್ಲ. ಕರೆಂಟು ಹೋಗುವ ಮುನ್ನ ಸಂಪು ತುಂಬಿಸಿಕೊಳ್ಳುವುದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ, ಇದೂ ಹಾಗೆಯೇ. ಶ್ವಾಸಕೋಶದಲ್ಲಿ ಸದಾ ಉಳಿದಿರುವ ಗಾಳಿಯಲ್ಲಿ ಬಹುಪಾಲು ನೈಟ್ರೋಜನ್, ಅದರಿಂದ ದೇಹಕ್ಕೆ ಉಪಯೋಗವಿಲ್ಲ. ಮೂರರಿಂದ ಐದು ನಿಮಿಷ ಮೂತಿಗೆ ಸರಿಯಾಗಿ ಕೂರುವ ಮಾಸ್ಕಿನಲ್ಲಿ ಆಕ್ಸಿಜನ್ ಕೊಟ್ಟರೆ ಆ ಜಾಗವನ್ನು ಆಕ್ಸಿಜನ್ ತುಂಬುತ್ತದೆ. ಬರಿಯ ಗಾಳಿ ಸೇವಿಸುತ್ತಿದ್ದ ಆರೋಗ್ಯವಂತ ನಾಯಿಗೆ ಉಸಿರು ನಿಂತರೆ ಸುಮಾರು ಒಂದು ನಿಮಿಷದಲ್ಲೇ ರಕ್ತದ ಆಕ್ಸಿಜನ್ ಶೇ. 90ಕ್ಕಿಂತ ಕೆಳಗಿಳಿಯುತ್ತದೆ, ಮೊದಲೇ ಶುದ್ಧ ಆಕ್ಸಿಜನ್ ತುಂಬಿಸಿಕೊಂಡ ನಾಯಿಗೆ ಐದು ನಿಮಿಷದ ಆಸುಪಾಸು ಸಿಗುತ್ತದೆ. ಕಾಯಿಲೆ ಬಿದ್ದ ನಾಯಿಗೆ ಎರಡೂ ಲೆಕ್ಕ ಕಡಿಮೆಯೇ. ಗಂಟಲಿಗೆ ಟ್ಯೂಬ್ ಇಳಿಸುವಾಗ ವೈದ್ಯರ ಕೈ ನಡುಗದಿರುವುದು ಈ ನಾಲ್ಕು ನಿಮಿಷದ ಬಲದಿಂದ. ನಾಯಿ ಮಾಸ್ಕ್ ಕಂಡು ಒದ್ದಾಡಿದರೆ ಮಾತ್ರ ಬಲವಂತ ಬೇಡ. ಒದ್ದಾಟದಲ್ಲಿ ಕಳೆಯುವ ಆಕ್ಸಿಜನ್ನೇ ಹೆಚ್ಚು. ನಾಳೆ ದಿನವಿಡೀ ಆಗಾಗ ಮಾಸ್ಕ್ ಮೂತಿಗೆ ಹಿಡಿದು ಬಿಸ್ಕತ್ತು ಕೊಟ್ಟು ರೂಢಿ ಮಾಡಿಸಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದು. ಆಕ್ಸಿಜನ್ ಕೊಡುವುದು ಒಂದು, ಉಸಿರಾಟ ನಡೆಯುವುದು ಇನ್ನೊಂದು. ನಿಮ್ಮೂರಿನ ನೂಲು ಬಿಚ್ಚಾಣಿಕೆಯ ಮನೆಯನ್ನೇ ನೆನೆಸಿಕೊಳ್ಳಿ: ಒಲೆಗೆ ಸೌದೆ ಎಷ್ಟೇ ಇರಲಿ, ಚಿಮಣಿ ಕಟ್ಟಿಕೊಂಡರೆ ಮನೆ ತುಂಬ ಹೊಗೆ. ಆಕ್ಸಿಜನ್ ಸೌದೆ, ಇಂಗಾಲದ ಡೈಆಕ್ಸೈಡ್ ಹೊಗೆ, ಉಸಿರು ಚಿಮಣಿ. ಬರಿಯ ಗಾಳಿ ಸೇವಿಸುವ ನಾಯಿಯ ಉಸಿರು ಕುಗ್ಗಿದರೆ ಆಕ್ಸಿಮೀಟರಿನ ಸಂಖ್ಯೆ ಬೇಗ ಇಳಿದು ನಮ್ಮನ್ನು ಎಚ್ಚರಿಸುತ್ತದೆ. ಆಕ್ಸಿಜನ್ ಹರಿಯುತ್ತಿರುವ ನಾಯಿಯಲ್ಲಿ ಉಸಿರು ನಿಮಿಷಕ್ಕೆ ಮೂರಕ್ಕೆ ಇಳಿದರೂ ಸಂಖ್ಯೆ 98, 99ರಲ್ಲೇ ನಿಂತಿರುತ್ತದೆ, ಒಳಗೆ ಹೊಗೆ ತುಂಬುತ್ತಲೇ ಇರುತ್ತದೆ. ನಮಗೆ ಸಮಯ ಕೊಡುವ ಆಕ್ಸಿಜನ್ನೇ ಎಚ್ಚರಿಕೆಯ ಗಂಟೆಯನ್ನೂ ಕಿತ್ತುಕೊಳ್ಳುತ್ತದೆ.

ಇದು ನನಗೆ ತಿಳಿದದ್ದು ನಾಚಿಕೆಯ ರೀತಿಯಲ್ಲಿ. ಬಹಳ ವರ್ಷಗಳ ಹಿಂದೆ ಡಾಬರ್‌ಮನ್ ನಾಯಿಯೊಂದರ ತೊಡೆಮೂಳೆಗೆ ರಾಡ್ ಹಾಕುವಾಗ ಕಾಲು ಹಿಡಿದು ನಿಂತಿದ್ದೆ, ಕಣ್ಣು ಮಾತ್ರ ಆಕ್ಸಿಮೀಟರಿನ ಕೆಂಪು ಅಂಕಿಯ ಮೇಲಿತ್ತು. ವೈದ್ಯರು ತಲೆ ಎತ್ತದೆ, "ಉಸಿರೆಷ್ಟು?" ಎಂದರು. "ತೊಂಬತ್ತೊಂಬತ್ತಿದೆ ಸಾರ್," ಎಂದೆ. "ನಾನು ಕೇಳಿದ್ದು ಉಸಿರು," ಎಂದರು. ಬಟ್ಟೆಯ ಕೆಳಗೆ ಎದೆಯ ಮೇಲೆ ಕೈಯಿಟ್ಟು ಗಡಿಯಾರ ನೋಡಿದೆ: ಪೂರಾ ಒಂದು ನಿಮಿಷಕ್ಕೆ ಮೂರು. ತುಟಿ ಎತ್ತಿದರೆ ವಸಡು ನೀಲಿಯಾಗಿರಲಿಲ್ಲ, ದಾಳಿಂಬೆ ಹೂವಿನ ಹಾಗೆ ಕೆಂಪೇರಿತ್ತು. ಇಂಗಾಲದ ಡೈಆಕ್ಸೈಡ್ ಏರಿದಾಗ ಹೀಗಾಗುವುದುಂಟು. ಹತ್ತು ನಿಮಿಷ ಕೈಯಿಂದ ಉಸಿರು ಕೊಟ್ಟ ಮೇಲೆ ಸರಿಹೋಯಿತು, ಆದರೂ ನಾಯಿ ಏಳುವ ಹೊತ್ತಿಗೆ ಸಂಜೆಯಾಗಿತ್ತು. ತಪ್ಪು ನನ್ನದು, ಯಂತ್ರದ್ದಲ್ಲ.

ಹೊರಬರುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಎಂಬ ಉಪಕರಣವಿದೆ. ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ 35ರಿಂದ 45 ಸಹಜ, ಅರಿವಳಿಕೆಯಲ್ಲಿ 50ರ ಆಚೆ ಸ್ವಲ್ಪ ಹೋದರೂ ಸಹಿಸುತ್ತಾರೆ, 60 ದಾಟಿದರೆ ಕೈಯಿಂದ ಉಸಿರು ಕೊಡುತ್ತಾರೆ. ನಮ್ಮ ತಾಲೂಕುಗಳಲ್ಲಿ ಅದನ್ನು ನಾನು ಕಂಡದ್ದು ಅಪರೂಪ. ಆದ್ದರಿಂದ ಉಸಿರು ಎಣಿಸುವುದೊಂದನ್ನೇ ಕೆಲಸವಾಗಿ ಉಳ್ಳ ಒಬ್ಬ ಮನುಷ್ಯ ಬೇಕು. ವೈದ್ಯರು ಒಪ್ಪಿದರೆ ರಕ್ತ ಕಂಡು ತಲೆ ತಿರುಗದ ಒಬ್ಬರನ್ನು ಮನೆಯಿಂದ ಕರೆದೊಯ್ಯಿರಿ. ಐದು ನಿಮಿಷಕ್ಕೊಮ್ಮೆ ಉಸಿರು, ಎದೆಬಡಿತ, ಆಕ್ಸಿಮೀಟರಿನ ಸಂಖ್ಯೆ, ವಸಡಿನ ಬಣ್ಣ ನಾಲ್ಕನ್ನೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ನಿಮಿಷಕ್ಕೆ ಎಂಟರಿಂದ ಇಪ್ಪತ್ತು ಉಸಿರು ಇರಬೇಕು. ಆರಕ್ಕೆ ಇಳಿದರೆ, ಅಥವಾ ಅರ್ಧ ನಿಮಿಷ ಉಸಿರೇ ಕಾಣದಿದ್ದರೆ ಸಂಕೋಚವಿಲ್ಲದೆ ಗಟ್ಟಿಯಾಗಿ ಹೇಳಲಿ. ಎದೆ ಏರಿಳಿದ ಮಾತ್ರಕ್ಕೆ ಗಾಳಿ ಓಡಾಡುತ್ತಿದೆ ಎಂದುಕೊಳ್ಳಬಾರದು: ನಾಲಗೆ ಹಿಂದಕ್ಕೆ ಬಿದ್ದಿದ್ದರೆ ಎದೆ ಅಲುಗುತ್ತದೆ, ಗಾಳಿ ಹೋಗುವುದಿಲ್ಲ. ಪಾರದರ್ಶಕ ಮಾಸ್ಕಾದರೆ ಪ್ರತಿ ಉಸಿರಿಗೂ ಗೋಡೆಗೆ ಹಬೆ ಕಟ್ಟಿ ಕರಗುವುದು ಕಾಣುತ್ತದೆ. ಮಾಸ್ಕ್ ತೆಗೆದು ಮೂಗಿನ ಹೊಳ್ಳೆಯ ಮುಂದೆ ಒಂದೆಳೆ ರೇಷ್ಮೆ ಹಿಡಿದರೂ ತಿಳಿಯುತ್ತದೆ, ನಿಮ್ಮ ಮನೆಯಲ್ಲಿ ಅದಕ್ಕೇನು ಬರವೇ!

ಬೆರಳಿಗೆ ಹಾಕುವ ಆಕ್ಸಿಮೀಟರನ್ನು ನಾಯಿಯ ನಾಲಗೆಗೆ ಹಾಕಬಹುದು, ನಡುವೆ ತೆಳುವಾದ ಒದ್ದೆ ಗಾಜ್ ಬಟ್ಟೆಯಿದ್ದರೆ ಒಳ್ಳೆಯದು. ಅದು ತೋರಿಸುವ ನಾಡಿಬಡಿತ ತೊಡೆಯ ಒಳಬದಿಯಲ್ಲಿ ಕೈಗೆ ಸಿಗುವ ನಾಡಿಗೆ ಹೊಂದದಿದ್ದರೆ ಅದರ ಆಕ್ಸಿಜನ್ ಸಂಖ್ಯೆಯನ್ನೂ ನಂಬಬೇಡಿ. ಮಂಪರಿಗೆಂದು ಝೈಲಜಿನ್ ಕೊಟ್ಟ ನಾಯಿಯಲ್ಲಿ ರಕ್ತನಾಳ ಬಿಗಿದು ನಾಲಗೆ ಬಿಳಿಚಿಕೊಳ್ಳುವುದರಿಂದ ಈ ತೊಂದರೆ ಹೆಚ್ಚು.

ಈಗ ಕೊಡುವ ವಿಧಾನ. ಮನುಷ್ಯರ ಮಾಸ್ಕ್ ನಾಯಿಯ ಮೂತಿಗೆ ಕೂರುವುದಿಲ್ಲ. ನಾಯಿಗೆಂದೇ ಇರುವ ಕೋನ್ ಆಕಾರದ ಮಾಸ್ಕ್ ಸಿಕ್ಕರೆ ತರಿಸಿ. ಬರಿಯ ಕೊಳವೆಯನ್ನು ಮೂಗಿನ ಮುಂದೆ ಹಿಡಿದರೆ ಒಳಹೋಗುವ ಗಾಳಿಯಲ್ಲಿ ಆಕ್ಸಿಜನ್ ಶೇ. 25ರಿಂದ 40ರಷ್ಟು ಮಾತ್ರ. ಮಾಸ್ಕ್ ಬಿಗಿಯಾಗಿದ್ದು ಹರಿವು ಕಡಿಮೆಯಿದ್ದರೆ ನಾಯಿ ತಾನು ಬಿಟ್ಟ ಉಸಿರನ್ನೇ ಮತ್ತೆ ಸೇದುತ್ತದೆ, ಆದ್ದರಿಂದ ಐದು ಲೀಟರಿಗೇ ಇಡಿ. ಗಂಟಲಿಗೆ ಟ್ಯೂಬ್ ಇಳಿಸಿದ ಮೇಲೆ ಒಂದು ಎಚ್ಚರಿಕೆ ಇದೆ, ಇದನ್ನು ಮನೆಯವರೆಲ್ಲ ಓದಿ: ಕಾನ್ಸಂಟ್ರೇಟರಿನ ಕೊಳವೆಯನ್ನು ಆ ಟ್ಯೂಬಿಗೆ ನೇರವಾಗಿ ಗಾಳಿಯಾಡದಂತೆ ಸಿಕ್ಕಿಸಲೇಬಾರದು. ಹೊರಬರಲು ದಾರಿಯಿಲ್ಲದ ಗಾಳಿ ಶ್ವಾಸಕೋಶವನ್ನು ಹರಿದುಬಿಡುತ್ತದೆ. ನಡುವೆ ಅಂಬು ಬ್ಯಾಗ್, ಅಂದರೆ ಕೈಯಿಂದ ಹಿಂಡಿ ಉಸಿರು ಕೊಡುವ ಚೀಲ, ಇರಬೇಕು. ಅದರ ಕವಾಟ ಉಸಿರನ್ನು ಹೊರಬಿಡುತ್ತದೆ, ಹಿಂಬದಿಗೆ ಆಕ್ಸಿಜನ್ ಕೊಳವೆ ಸೇರಿಸಬಹುದು, ಉಸಿರು ಕುಗ್ಗಿದರೆ ಹಿಂಡಲೂ ಬಹುದು. ನಿಮ್ಮ ನಾಯಿಗೆ ಒಂದು ಸಲಕ್ಕೆ 300ರಿಂದ 400 ಮಿಲಿಲೀಟರ್ ಸಾಕು. ದೊಡ್ಡವರ ಬ್ಯಾಗಿನಲ್ಲಿ ಒಂದೂವರೆ ಲೀಟರ್ ಹಿಡಿಯುತ್ತದೆ, ಗಾಬರಿಯಲ್ಲಿ ಪೂರಾ ಹಿಂಡಬಾರದು. ಎದೆ ಸಹಜ ಉಸಿರಿನಷ್ಟೇ ಏಳಬೇಕು, ಪೂರ್ತಿ ಇಳಿದ ಮೇಲೆಯೇ ಮುಂದಿನದು.

ಯಂತ್ರದ ವಿಷಯ. ಒಳ್ಳೆಯ ಸ್ಥಿತಿಯ ಕಾನ್ಸಂಟ್ರೇಟರ್ ಶೇ. 90ಕ್ಕಿಂತ ಹೆಚ್ಚಿನ ಆಕ್ಸಿಜನ್ ಕೊಡುತ್ತದೆ, ಅದೂ ಚಾಲು ಮಾಡಿದ ಕೆಲವು ನಿಮಿಷಗಳ ನಂತರ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರದೊಳಗಿನ ಝಿಯೋಲೈಟ್, ಅಂದರೆ ಗಾಳಿಯ ನೈಟ್ರೋಜನ್ ಹಿಡಿದಿಡುವ ಹರಳು, ತೇವ ಹೀರಿ ಹಾಳಾಗಿರಬಹುದು. ಹಿಂಬದಿಯ ಸ್ಪಂಜಿನ ಫಿಲ್ಟರಿನಲ್ಲಿ ಹುಳುಮನೆಯ ಧೂಳು ಮೆತ್ತಿಕೊಂಡಿರುವುದಂತೂ ಖಂಡಿತ. ತೊಳೆದು ಪೂರ್ತಿ ಒಣಗಿಸಿ ಹಾಕಿ. ಕರೆಂಟು ಹೋದ ಕ್ಷಣ ಯಂತ್ರ ನಿಲ್ಲುತ್ತದೆ, ಆ ಕ್ಲಿನಿಕ್ಕಿನ ಯುಪಿಎಸ್ ಅದನ್ನು ಎಳೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ಬಿ ಟೈಪ್ ಸಿಲಿಂಡರ್ ಬಾಡಿಗೆಗೆ ಸಿಕ್ಕರೆ ಇನ್ನೂ ನೆಮ್ಮದಿ: ತುಂಬಿದ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ, ನಿಮಿಷಕ್ಕೆ ಐದು ಲೀಟರಿನಂತೆ ಐದು ಗಂಟೆ ಬರುತ್ತದೆ. ಮುಳ್ಳು ಅರ್ಧಕ್ಕೆ ಬಂದಿದ್ದರೆ ಗ್ಯಾಸೂ ಅರ್ಧ. ವಾಲ್ವ್ ತೆರೆದೇ ಮುಳ್ಳು ನೋಡಬೇಕು; ಮುಚ್ಚಿದ ಮೇಲೂ ರೆಗ್ಯುಲೇಟರಿನಲ್ಲಿ ಸಿಕ್ಕಿಕೊಂಡ ಒತ್ತಡದಿಂದ ಮುಳ್ಳು ತುಂಬಿದಂತೆಯೇ ತೋರಿಸುತ್ತದೆ. ವಾಲ್ವಿಗೆ ಎಣ್ಣೆ ಅಥವಾ ಗ್ರೀಸ್ ತಾಗಿಸಬೇಡಿ, ಹತ್ತಿರ ಬೀಡಿ, ದೀಪ ಬೇಡ.

ನೀವು ಬರೆದಿರುವುದರಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ಬೇರೆಯೇ: ಎರಡು ತಿಂಗಳ ಹಿಂದೆ ಉಣ್ಣೆ ಜ್ವರ ಬಂದಿತ್ತು ಎಂದಿದ್ದೀರಿ. ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳುವಿನಿಂದ ಬರುವ ಈ ಜ್ವರ ನಾಯಿಯ ರಕ್ತವನ್ನು ಕಡಿಮೆ ಮಾಡುವುದುಂಟು. ಆಕ್ಸಿಜನ್ನನ್ನು ಹೊರುವುದು ರಕ್ತದ ಹಿಮೋಗ್ಲೋಬಿನ್. ನಾಯಿಗೆ ಅದು 12ರಿಂದ 18 ಗ್ರಾಂ ಇರಬೇಕು. 5ಕ್ಕೆ ಇಳಿದಿದ್ದರೆ ಆಕ್ಸಿಮೀಟರ್ 99 ತೋರಿಸಿದರೂ ದೇಹಕ್ಕೆ ತಲುಪುವುದು ಮೂರನೇ ಒಂದು ಪಾಲು. ಬಸ್ಸಿನ ಸೀಟುಗಳೆಲ್ಲ ಭರ್ತಿ, ಆದರೆ ಓಡುತ್ತಿರುವ ಬಸ್ಸುಗಳೇ ಕಡಿಮೆ ಎಂದ ಹಾಗೆ. ರಕ್ತ ಕಡಿಮೆಯಿರುವ ನಾಯಿಯ ವಸಡು ಆಕ್ಸಿಜನ್ ಕುಸಿದಾಗಲೂ ನೀಲಿಯಾಗದೆ ಬರೀ ಬಿಳಿಚಿಕೊಂಡೇ ಇರಬಹುದು. ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಪರೀಕ್ಷೆಯನ್ನು ನಾಳೆಯೇ ಮಾಡಿಸಿ. ತೀರಾ ಕಡಿಮೆ ಬಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ಯುವುದು ಲೇಸೇ ಎಂದು ನಿಮ್ಮ ವೈದ್ಯರನ್ನೇ ಕೇಳಿ. ಕೇಳಿದರೆ ಅವರಿಗೇನೂ ಅವಮಾನವಲ್ಲ. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ 98,036 ನಾಯಿಗಳ ಅರಿವಳಿಕೆಯನ್ನು ಲೆಕ್ಕವಿಟ್ಟಾಗ ಆರೋಗ್ಯವಂತ ನಾಯಿಗಳಲ್ಲಿ ಸಾವು ಶೇ. 0.05, ಕಾಯಿಲೆಯವುಗಳಲ್ಲಿ ಶೇ. 1.33 ಎಂದು ಕಂಡುಬಂದಿತ್ತು. ಹಾಗೆಂದು ಕೀವಿನ ಗರ್ಭಕೋಶವನ್ನು ವಾರಗಟ್ಟಲೆ ಮುಂದೂಡುವಂತಿಲ್ಲ, ಅದೂ ಕೊಲ್ಲುತ್ತದೆ.

ಅದೇ ಲೆಕ್ಕದಲ್ಲಿ ಸಾವುಗಳ ಅರ್ಧದ ಆಸುಪಾಸು ಆಪರೇಷನ್ ಮುಗಿದ ಮೇಲೆ ಆದವು, ಅದರಲ್ಲೂ ಮೊದಲ ಮೂರು ಗಂಟೆಗಳಲ್ಲಿ ಹೆಚ್ಚು. ಹೊಲಿಗೆ ಮುಗಿದೊಡನೆ ಎಲ್ಲರೂ ಟೀ ಕುಡಿಯಲು ಹೋಗುವ ಹೊತ್ತು ಅದೇ. ನುಂಗುವ ಚಲನೆ ಬಂದ ಮೇಲೆಯೇ ವೈದ್ಯರು ಟ್ಯೂಬ್ ತೆಗೆಯುತ್ತಾರೆ. ಆಮೇಲೂ ಮಾಸ್ಕ್ ಮುಂದುವರಿಯಲಿ. ನಾಯಿಯನ್ನು ಅದರ ಎದೆ ನೆಲಕ್ಕೆ ತಾಗುವಂತೆ ಮಲಗಿಸಿ, ಕತ್ತು ನೀಳವಾಗಿರಲಿ, ನಾಲಗೆ ಹೊರಗಿರಲಿ. ನಡುಕ ಬಂದರೆ ಆಕ್ಸಿಜನ್ನಿನ ಖರ್ಚು ಹಲವು ಪಟ್ಟು ಏರುತ್ತದೆ, ಕಂಬಳಿ ಹೊದಿಸಿ. ಮಾಸ್ಕ್ ತೆಗೆದು ಹತ್ತು ನಿಮಿಷ ಬರಿಯ ಗಾಳಿಯಲ್ಲಿ ಸಂಖ್ಯೆ 95ರ ಮೇಲೆ ನಿಂತರೆ ಸರಿ, ಇಳಿದರೆ ಮತ್ತೆ ಹಾಕಿ. ಹಿರಿಯರು ಯಾರಾದರೂ ಎಳನೀರೋ ಗ್ಲೂಕೋಸ್ ನೀರೋ ಬಾಯಿಗೆ ಬಿಡಲು ಬಂದರೆ ತಡೆಯಿರಿ, ಅರೆಪ್ರಜ್ಞೆಯ ನಾಯಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಲೆ ಎತ್ತಿ, ಹೆಸರು ಕರೆದರೆ ನೋಡುವವರೆಗೆ ಮನೆಗೆ ಹೊರಡಬೇಡಿ, ಕಾರಿನ ಡಿಕ್ಕಿಯಲ್ಲಂತೂ ಮಲಗಿಸಬೇಡಿ.

ಇವತ್ತು ಸಂಜೆಯೇ ಯಂತ್ರವನ್ನು ಹೊರತೆಗೆದು ಒಂದು ಗಂಟೆ ಓಡಿಸಿ ನೋಡಿ. ಶುದ್ಧತೆ ಕಡಿಮೆಯೆಂದು ಸೂಚಿಸುವ ದೀಪ ಆರದೆ ಉಳಿದರೆ ಇಲ್ಲಿಯೇ ಬರೆಯಿರಿ. ನನ್ನ ಬಳಿ ಮಾಸ್ಕ್ ಮತ್ತು ಅಂಬು ಬ್ಯಾಗ್ ಎರಡೂ ಇವೆ. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬೆಳಗಿನ ಬಸ್ಸಿನಲ್ಲಿ ಮೊಮ್ಮಗನ ಕೈಲಿ ಕಳುಹಿಸುತ್ತೇನೆ.