ಇಳಿಜಾರು ಹುಡುಕುವ ಮೊದಲು ಮಟ್ಟಸ ನೆಲ ಹುಡುಕಿ

ಪ್ರಿಯ ಓದುಗರೇ,

ಬೆಟ್ಟ ಎದುರಾದರೆ ಮೊದಮೊದಲ ರೈಲುಗಳು ಬಳಸಿಕೊಂಡು ಹೋಗುತ್ತಿದ್ದವು ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು. ಇಂಗ್ಲೆಂಡಿನ ಡರ್ಬಿಶೈರಿನಿಂದ ನೀವು ಆಕ್ಷೇಪ ಎತ್ತಿದ್ದೀರಿ. ಗಾಯ್ಟ್ ಕಣಿವೆಯಲ್ಲಿ ಗುಡ್ಡಕ್ಕೆ ನೆಟ್ಟಗೆ ಹತ್ತುವ ಕಿರಿದಾದ ಡಾಂಬರು ರಸ್ತೆಯೊಂದು ಹಿಂದೆ ರೈಲುದಾರಿಯಾಗಿತ್ತಂತೆ, ಇದು ನಿಜವೇ, ನಿಜವಾದರೆ ಉಳಿದ ದಾರಿಯನ್ನು ಪತ್ತೆ ಹಚ್ಚುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ. ನಿಜ. ನಮ್ಮ ಮಾತು ತಪ್ಪು, ಕ್ಷಮಿಸಿ.

ನೀವು ಕಂಡದ್ದು ಬನ್ಸಾಲ್ ಇಳಿಜಾರು, ಅಂದರೆ ವ್ಯಾಗನ್‌ಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಕಡಿದಾದ ಹಳಿ. ಕ್ರಾಂಫರ್ಡ್ ಅಂಡ್ ಹೈ ಪೀಕ್ ರೈಲ್ವೆಗೆ ಇದ್ದ ಒಂಬತ್ತು ಇಳಿಜಾರುಗಳಲ್ಲಿ ಎರಡು ಅಲ್ಲೇ, ಒಂದರ ಮೇಲೊಂದು ಇದ್ದವು. ಮುಂದೆ ಅವನ್ನು ಒಂದುಗೂಡಿಸಿದರು. ಎರಡು ಕಾಲುವೆಗಳನ್ನು ಬೆಟ್ಟದ ಮೇಲಿಂದ ಜೋಡಿಸಲು 33 ಮೈಲಿ ಉದ್ದಕ್ಕೆ ಹಾಕಿದ ಈ ಹಳಿ 1830 ಮತ್ತು 1831ರಲ್ಲಿ ಎರಡು ಹಂತಗಳಲ್ಲಿ ತೆರೆಯಿತು. ಎಂಜಿನಿಯರ್ ಜೋಸಾಯಸ್ ಜೆಸಪ್, ಕಾಲುವೆ ಕಟ್ಟಿ ಹೆಸರಾದ ವಿಲಿಯಂ ಜೆಸಪ್‌ನ ಮಗ. ಕಾಮಗಾರಿ ಮುಗಿಯುವ ಮೊದಲೇ, 1826ರಲ್ಲಿ ತೀರಿಕೊಂಡ.

ಅಪ್ಪನ ಕಸುಬನ್ನು ಇಲ್ಲಿ ನೆನೆಯಲು ಕಾರಣವಿದೆ. ಈ ದಾರಿಯನ್ನು ರೈಲಿನವನ ಕಣ್ಣಿನಿಂದ ಹುಡುಕಿದರೆ ಸಿಗುವುದಿಲ್ಲ, ಕಾಲುವೆಯವನ ಕಣ್ಣು ಬೇಕು. ಕಾಲುವೆ ಗುಡ್ಡದ ಮಗ್ಗುಲಲ್ಲಿ ಒಂದೇ ಮಟ್ಟದಲ್ಲಿ ಬಳುಕುತ್ತಾ ಹೋಗುತ್ತದೆ. ಏರಲೇಬೇಕಾದಾಗ ಲಾಕ್‌ಗಳ, ಅಂದರೆ ನೀರಿನ ಮಟ್ಟ ಏರಿಸಿ ದೋಣಿಯನ್ನು ಎತ್ತುವ ಬಾಗಿಲುಕಟ್ಟೆಗಳ, ಸಾಲಿನಲ್ಲಿ ಒಮ್ಮೆಲೇ ಏರುತ್ತದೆ. ಮಗ ಜೆಸಪ್ ಲಾಕ್ ಇರಬೇಕಾದ ಕಡೆ ಇಳಿಜಾರು ಇಟ್ಟ, ಅಷ್ಟೇ. ಈ ಹಳಿಯ ನಿಲ್ದಾಣಗಳನ್ನು ಸಹ ವಾರ್ಫ್, ಅಂದರೆ ದೋಣಿಕಟ್ಟೆ, ಎಂದೇ ಕರೆಯುತ್ತಿದ್ದರು! ಆದ್ದರಿಂದ ಮೊದಲು ಮಟ್ಟಸ ನೆಲ ಹುಡುಕಿ. ಗುಡ್ಡದ ಪಕ್ಕೆಯಲ್ಲಿ ಏರಿಳಿತವಿಲ್ಲದೆ ಸಾಗುವ ಅಗಲವಾದ ಪಟ್ಟಿಯೊಂದು ಎಲ್ಲಿ ತಟ್ಟನೆ ನಿಂತು ಕಡಿದಾದ ಏರು ಶುರುವಾಗುತ್ತದೋ ಅಲ್ಲಿ ನಿಮ್ಮ ಇಳಿಜಾರಿದೆ. ಮೇಲೂ ಕೆಳಗೂ ವ್ಯಾಗನ್‌ಗಳನ್ನು ಹಗ್ಗಕ್ಕೆ ಸಿಕ್ಕಿಸಲು ಸಮತಟ್ಟು ಜಾಗ ಇದ್ದೇ ಇರುತ್ತದೆ.

ಎಷ್ಟು ಕಡಿದು ಎನ್ನುತ್ತೀರಾ? ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50 ಅಡಿ ಸಾಗಿದರೆ ಹಳಿ 1 ಅಡಿ ಏರುತ್ತದೆ. ಜೆಸಪ್‌ನ ಹಳಿಯ ಮಿಡ್ಲ್‌ಟನ್ ಇಳಿಜಾರಿನಲ್ಲಿ 8¼ ಅಡಿಗೇ 1 ಅಡಿ. ಅಲ್ಲಿ ಗಾಲಿ ತಾನಾಗಿ ಹತ್ತಲಾರದು. ಗುಡ್ಡದ ನೆತ್ತಿಯಲ್ಲಿ ನಿಂತ ಉಗಿ ಎಂಜಿನ್ ಮೊದಲು ಸರಪಳಿಯಿಂದ, ಮುಂದೆ ಉಕ್ಕಿನ ಹಗ್ಗದಿಂದ ಎಳೆಯುತ್ತಿತ್ತು. ಕಪಿಲೆ ಬಾವಿ ನೋಡಿದವರಿಗೆ ಮಿಕ್ಕದ್ದನ್ನು ವಿವರಿಸಬೇಕಿಲ್ಲ: ಎತ್ತು ಇಳಿಜಾರಿನಲ್ಲಿ ಕೆಳಗೆ ನಡೆದರೆ ಬಾನಿ ಮೇಲೆ ಬರುತ್ತದೆ. ಹಾಗೆಯೇ ಇಲ್ಲಿ ಇಳಿಯುವ ಭಾರ ಏರುವ ಭಾರಕ್ಕೆ ಹೆಗಲು ಕೊಡುತ್ತಿತ್ತು. 1829ರ ಆ ಎಂಜಿನ್ 1963ರವರೆಗೆ ದುಡಿಯಿತು. ಮಿಡ್ಲ್‌ಟನ್ ಟಾಪ್‌ನ ಎಂಜಿನ್ ಮನೆಯಲ್ಲಿ ಇಂದಿಗೂ ಇದೆ. ದಯವಿಟ್ಟು ಹೋಗಿ ನೋಡಿ.

ಹಗ್ಗದಿಂದ ಬಿಡಿಸಿಕೊಂಡ ವ್ಯಾಗನ್ ಏನಾಗುತ್ತದೆ ಎಂಬುದು ಇದೇ ಹಳಿಯ ಶೀಪ್ ಪಾಶ್ಚರ್ ಇಳಿಜಾರಿನಲ್ಲಿ 1888ರಲ್ಲಿ ಗೊತ್ತಾಯಿತು. ಓಡಿಬಂದ ವ್ಯಾಗನ್‌ಗಳು ಬುಡದಲ್ಲಿದ್ದ ಕಾಲುವೆಯನ್ನೂ ಅದರಾಚೆಯ ರೈಲು ಹಳಿಗಳನ್ನೂ ಹಾರಿ ದಾಟಿದವು. ಆಮೇಲೆ ಹಾಗೆ ಓಡಿಬರುವ ವ್ಯಾಗನ್‌ಗಳನ್ನು ಹಿಡಿಯಲು ಬುಡದ ಹತ್ತಿರ ಒಂದು ಗುಂಡಿ ತೋಡಿದರು. ಅದರೊಳಗೆ ಒಂದು ಮುರುಕು ವ್ಯಾಗನ್ ಈಗಲೂ ಬಿದ್ದಿದೆ. ಹಗ್ಗ ಸುತ್ತಿ ಹಿಂದಿರುಗುತ್ತಿದ್ದ ದೊಡ್ಡ ಚಕ್ರದ ಗುಂಡಿಯೂ ಅಲ್ಲೇ ಇದೆ. ಓದಿದ್ದಕ್ಕಿಂತ ಹೆಚ್ಚನ್ನು ಇವೆರಡು ಗುಂಡಿಗಳು ಕಲಿಸುತ್ತವೆ.

ಮೊದಲ ಹಳಿಗಳಿಗೆ ಅಡ್ಡಪಟ್ಟಿ (ಸ್ಲೀಪರ್) ಇರಲಿಲ್ಲ, ಮಟ್ಟಸ ದಾರಿಯಲ್ಲಿ ವ್ಯಾಗನ್ ಎಳೆಯುವ ಕುದುರೆ ಹಳಿಗಳ ನಡುವೆ ನಡೆಯಬೇಕಿತ್ತಲ್ಲ. ಎರಕದ ಕಬ್ಬಿಣದ ಹಳಿಯನ್ನು ಬಿಡಿಬಿಡಿ ಕಲ್ಲುದಿಮ್ಮಿಗಳ ಮೇಲೆ ಕೂರಿಸುತ್ತಿದ್ದರು. ಮೊಳೆಯ ತೂತಿರುವ ಚೌಕ ಕಲ್ಲು ಕಾಲಿಗೆ ತಗುಲಿದರೆ ಅದನ್ನು ಅಲ್ಲೇ ಬಿಡಿ, ಚಿತ್ರ ತೆಗೆದುಕೊಳ್ಳಿ.

ಕ್ರಾಂಫರ್ಡ್ ಕಡೆಯ ದಾರಿ 1967ರವರೆಗೆ ಉಳಿದಿತ್ತು, ಈಗ ಹೈ ಪೀಕ್ ಟ್ರೇಲ್ ಎಂಬ ಕಾಲುದಾರಿಯಾಗಿದೆ. ಅಲ್ಲಿ ಹುಡುಕಾಟವೇ ಬೇಡ. ನಿಮ್ಮ ಬನ್ಸಾಲ್ ಭಾಗ 1892ರಲ್ಲೇ ಮುಚ್ಚಿತು, ಅದಕ್ಕೇ ಮಸುಕಾಗಿದೆ. ಮುಂದಿನ ಸಲ ರಸ್ತೆಯ ತುದಿಗೆ ಹೋಗಿ ಕಣಿವೆಗೆ ಬೆನ್ನು ಮಾಡಿ ನಿಲ್ಲಿ. ಅಲ್ಲಿಂದ ಹಳಿ ಮತ್ತೆ ಮಟ್ಟ ಹಿಡಿದು ಬರ್ಬೇಜ್ ಸುರಂಗದತ್ತ ಹೊರಡುತ್ತಿತ್ತು.

– ಸಂಪಾದಕ