ಹೊಲಿಗೆ ಮಷಿನ್ ಮುಚ್ಚಿಡಬೇಡಿ

ಅಂಕೋಲಾ ತಾಲೂಕಿನ ಬೇಲೆಕೇರಿ ಕಡೆಯಿಂದ ಒಬ್ಬ ಓದುಗರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

“ಗಂಡ ಬೋಟಿನಲ್ಲಿ ಖಲಾಸಿ. ಜೂನ್, ಜುಲೈ ಎರಡು ತಿಂಗಳು ಬೋಟು ದಡದಲ್ಲಿ, ಸಂಬಳ ಇಲ್ಲ. ನಾನು ಮನೆಯಲ್ಲಿ ಜಾಕೀಟು (ರವಿಕೆ) ಹೊಲಿಯುತ್ತೇನೆ. ಒಳ್ಳೆಯ ತಿಂಗಳಲ್ಲಿ ನಾಲ್ಕೈದು ಸಾವಿರ, ಮಳೆಗಾಲದಲ್ಲಿ ಸಾವಿರವೂ ಇಲ್ಲ. ಗೃಹಲಕ್ಷ್ಮಿಯ 2,000 ಬರುತ್ತದೆ, ಬಿಪಿಎಲ್ ಕಾರ್ಡ್ ಇದೆ. ಮಗಳು ಬಿ.ಕಾಂ ಮುಗಿಸಿದ್ದಾಳೆ, ಅವಳಿಗೆ ಯುವನಿಧಿ 3,000 ಬರುತ್ತಿದೆ. ಈ ವರ್ಷ ಅವಳು ಮದುವೆ ಮನೆಗಳಿಗೆ ಮೆಹಂದಿ ಹಾಕಲು ಹೋಗುತ್ತಿದ್ದಾಳೆ. ಪಕ್ಕದ ಮನೆಯವರು, ದುಡಿಯುತ್ತಾ ಸರ್ಕಾರದ ದುಡ್ಡೂ ತಿನ್ನುತ್ತೀರಿ, ಯಾರಾದರೂ ದೂರು ಅರ್ಜಿ ಕೊಟ್ಟರೆ ಎಲ್ಲ ಹೋಗುತ್ತದೆ ಎಂದರು. ಹೆದರಿ ಕ್ಯೂಆರ್ ಕೋಡ್ ತೆಗೆದಿಟ್ಟೆ. ಈಗ ಹೊಲಿಗೆಯನ್ನೂ ಬಿಡಬೇಕಾ?”

ಅಕ್ಕಾ, ಹೊಲಿಗೆ ಬಿಡಬೇಡಿ.

ಮೊದಲು ಗೃಹಲಕ್ಷ್ಮಿ. ಆಗಸ್ಟ್ 2023ರಲ್ಲಿ ಮೊದಲ ಕಂತು ಬಂದಾಗ ಇದ್ದ ಶರತ್ತು ಸರಳ. ಮನೆಯ ಯಜಮಾನಿಯಾಗಲೀ ಅವರ ಗಂಡನಾಗಲೀ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿರಬಾರದು. ‘ಯಜಮಾನಿ ಕೆಲಸ ಮಾಡಬಾರದು’ ಎಂದು ಎಲ್ಲೂ ಇಲ್ಲ. ನೀವು ಹೊಲಿಯಿರಿ, ಹಪ್ಪಳ ಮಾಡಿ, ಬುಟ್ಟಿ ಹೊತ್ತು ಮೀನು ಮಾರಿ. ಆ 2,000ಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕ್ಯೂಆರ್ ಕೋಡಿನ ಹೆದರಿಕೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಬೇಕರಿ, ಟೀ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಬೋರ್ಡು ಬಂತು. ಆ ಸುದ್ದಿ ಘಟ್ಟ ಇಳಿದು ನಿಮ್ಮ ಬಾಗಿಲಿಗೂ ಬಂದಿದೆ. ಆದರೆ ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ, ಸರಕು ಮಾರುವವರಿಗೆ 40 ಲಕ್ಷ. ತಿಂಗಳಿಗೆ ಐದು ಸಾವಿರದಂತೆ ವರ್ಷವಿಡೀ ಹೊಲಿದರೂ ನಿಮ್ಮದು 60,000. ತಾಜಾ ಮೀನು, ತರಕಾರಿ, ಹೂವಿಗಂತೂ ಜಿಎಸ್‌ಟಿಯೇ ಇಲ್ಲ.

ಒಂದು ಎಚ್ಚರ ಮಾತ್ರ ಬೇಕು. ‘ಸಾಲ ಸಿಗುತ್ತದೆ, ಜಿಎಸ್‌ಟಿ ಮಾಡಿಸಿ’ ಎನ್ನುವ ಏಜೆಂಟರು ಈಗ ಎಲ್ಲ ಊರಲ್ಲೂ ಇದ್ದಾರೆ. ಅಗತ್ಯ ಇಲ್ಲದೆ ಸುಮ್ನೆ ಜಿಎಸ್‌ಟಿ ನಂಬರ್ ತೆಗೆಸಿಕೊಂಡರೆ, ವ್ಯಾಪಾರ ಸೊನ್ನೆ ಇದ್ದರೂ ರಿಟರ್ನ್ಸ್ ಹಾಕಬೇಕು. ಆಗ ಗೃಹಲಕ್ಷ್ಮಿ ನಿಲ್ಲುತ್ತದೆ. ಸಣ್ಣ ಉದ್ಯಮ ಎಂದು ಕೇಂದ್ರ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಬೇರೆ. ಅದು ಉಚಿತ, ಅದರಿಂದ ಯಾರೂ ತೆರಿಗೆದಾರರಾಗುವುದಿಲ್ಲ.

ಬಿಪಿಎಲ್ ಕಾರ್ಡಿನ ವಿಷಯ ಇಷ್ಟು ಹಗುರ ಇಲ್ಲ. ಅಲ್ಲಿ ಕೇಳುವುದು ಇಡೀ ಮನೆಯ ಆದಾಯ. ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ. ನಿಮ್ಮ ಹೊಲಿಗೆಯ ಹಣ, ಗಂಡನ ಹತ್ತು ತಿಂಗಳ ಪಾಲು, ಮಗಳ ಮೆಹಂದಿಯ ಹಣ ಎಲ್ಲವನ್ನೂ ಕೂಡಿಸಿಯೇ ನೋಡಬೇಕು. ಗಂಡನ ಪಾಲು ಎಷ್ಟೆಂದು ನೀವು ಬರೆದಿಲ್ಲ. ಒಂದು ಪುಸ್ತಕದಲ್ಲಿ ತಿಂಗಳು ತಿಂಗಳು ಬರೆದಿಡಿ. ನೂಲು, ಲೈನಿಂಗ್, ಹುಕ್ಕು, ಕರೆಂಟು ಬಿಲ್ಲಿನ ಖರ್ಚನ್ನೂ ಬರೆಯಿರಿ. ಗಿರಾಕಿ ಕೊಟ್ಟ ದುಡ್ಡೆಲ್ಲ ಆದಾಯ ಆಗುವುದಿಲ್ಲ, ಖರ್ಚು ಕಳೆದು ಉಳಿದದ್ದು ಆದಾಯ. ನಮ್ಮ ಹೆಂಗಸರು ಈ ಲೆಕ್ಕ ಇಡುವುದೇ ಇಲ್ಲ. ನನ್ನ ಅಮ್ಮನೂ ಇಟ್ಟಿರಲಿಲ್ಲ. ಮೂವತ್ತು ವರ್ಷ ಹೊಲಿದಳು. ಎಷ್ಟು ದುಡಿದೆ ಎಂದು ಕೇಳಿದರೆ, ‘ನಿಮ್ಮ ಫೀಸು ಆಯ್ತಲ್ಲ’ ಎನ್ನುತ್ತಿದ್ದಳು.

ಈ 1.20 ಲಕ್ಷದ ಬಗ್ಗೆ ನನಗೆ ಸಿಟ್ಟಿದೆ. ಭಾಗಿಸಿ ನೋಡಿ, ದಿನಕ್ಕೆ ಸುಮಾರು 329 ರೂಪಾಯಿ ಬರುತ್ತದೆ. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿಯೇ ದಿನಕ್ಕೆ 370 ಇತ್ತು. ಅಂದರೆ ಒಂದು ಮನೆಯಲ್ಲಿ ಒಬ್ಬರೇ ಒಬ್ಬರು ಆ ಕೂಲಿಯಲ್ಲಿ ವರ್ಷಪೂರ್ತಿ ರಜೆ ಇಲ್ಲದೆ ದುಡಿದರೆ ಆ ಮನೆ ಬಡವರ ಪಟ್ಟಿಯಿಂದ ಹೊರಗೆ! ಗಂಡ, ಹೆಂಡತಿ, ಓದುವ ಮಕ್ಕಳು ಇರುವ ಮನೆಗೆ ಇದು ಯಾವ ನ್ಯಾಯ? ಮಿತಿ ಇಷ್ಟು ಕೆಳಗಿದ್ದರೆ ಜನ ಆದಾಯ ಮುಚ್ಚಿಡುತ್ತಾರೆ. ಆಮೇಲೆ ಅವರನ್ನೇ ಸುಳ್ಳುಗಾರರು ಎನ್ನುತ್ತೇವೆ.

ಅಕ್ಕಿ ಹೋದರೆ ಹೇಗೋ ನಿಭಾಯಿಸಬಹುದು. ನಮ್ಮ ಜಿಲ್ಲೆಯವರು ಬಿಪಿಎಲ್ ಕಾರ್ಡನ್ನು ಅಷ್ಟು ಗಟ್ಟಿಯಾಗಿ ಹಿಡಿದಿರುವುದು ಆಸ್ಪತ್ರೆಗಾಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಸರ್ಕಾರ ಗೊತ್ತು ಮಾಡಿದ ಚಿಕಿತ್ಸಾ ದರದ ಶೇ 30 ಮಾತ್ರ, ಅದೂ 1.50 ಲಕ್ಷದ ಮಿತಿಯೊಳಗೆ. ಎದೆನೋವು ಬಂದರೆ ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಆಂಬುಲೆನ್ಸ್ ಓಡಿಸುವವರು ನಾವು. ಆ ಕಾರ್ಡ್ ಕಳೆದುಕೊಳ್ಳುವ ಹೆದರಿಕೆ ಏನೆಂದು ಬೇರೆ ಜಿಲ್ಲೆಯವರಿಗೆ ಹೇಳಿ ತಿಳಿಸುವುದು ಕಷ್ಟ.

ಹಾಗಂತ ಸುಳ್ಳು ಆದಾಯ ಪ್ರಮಾಣಪತ್ರ ಮಾಡಿಸಿ ಎಂದು ನಾನು ಹೇಳುವುದಿಲ್ಲ. ಲೆಕ್ಕ ಬರೆದು ನೋಡಿ. ಮಿತಿಯೊಳಗೆ ಇದ್ದರೆ ಆ ಪುಸ್ತಕವೇ ನಿಮ್ಮ ಉತ್ತರ, ಯಾರು ಅರ್ಜಿ ಕೊಟ್ಟರೂ ತೋರಿಸಬಹುದು. ನಿಜವಾಗಿ ದಾಟಿದ್ದರೆ ಕಾರ್ಡ್ ಎಪಿಎಲ್ ಆಗುತ್ತದೆ. ಆಗಲೂ ಗೃಹಲಕ್ಷ್ಮಿ ಹೋಗುವುದಿಲ್ಲ, ಅದು ಎಪಿಎಲ್ ಯಜಮಾನಿಯರಿಗೂ ಇದೆ. ಒಂದು ಹೋದರೆ ಎಲ್ಲವೂ ಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳಿದ್ದು ತಪ್ಪು.

ಇನ್ನು ಮಗಳ ವಿಷಯ. ಇದನ್ನು ಬರೆಯಲು ನನಗೆ ಎರಡು ದಿನ ಬೇಕಾಯಿತು.

ಯುವನಿಧಿಯ ಪ್ರಶ್ನೆಯೇ ಬೇರೆ. ಅದು ನಿರುದ್ಯೋಗಿಗಳ ಭತ್ಯೆ. ಪದವಿ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಸ್ವಯಂ ಉದ್ಯೋಗ ಮಾಡುವವರಿಗೆ ಇಲ್ಲ. ಸ್ವಯಂ ಉದ್ಯೋಗಕ್ಕೆ ಸರ್ಕಾರಿ ಯೋಜನೆಯಲ್ಲಿ ಸಾಲ ಪಡೆದವರಿಗೂ ಇಲ್ಲ. ನಾನು ನಿರುದ್ಯೋಗಿ ಎಂದು ಅವಳು ಆಗಾಗ ಸ್ವಯಂ ಘೋಷಣೆ ಕೊಡಬೇಕು. ಗೆಳತಿಯ ಮದುವೆಗೆ ಒಮ್ಮೆ ಮೆಹಂದಿ ಹಾಕಿ ಐನೂರು ಪಡೆದರೆ ಅದನ್ನು ಉದ್ಯೋಗ ಎಂದು ನಾನು ಕರೆಯುವುದಿಲ್ಲ. ಆದರೆ ದರ ಹೇಳಿ, ಮುಂಗಡ ಹಿಡಿದು, ತಿಂಗಳು ತಿಂಗಳು ಹೋಗುತ್ತಿದ್ದರೆ ಅದು ಉದ್ಯೋಗವೇ. ನಿಮ್ಮ ಪತ್ರ ಓದಿದರೆ ಎರಡನೆಯದೇ ಎನ್ನಿಸುತ್ತದೆ. ಹಾಗಿದ್ದರೆ ಮುಂದಿನ ಘೋಷಣೆಗೆ ಮೊದಲೇ ಕಾರವಾರದ ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರಕ್ಕೆ, ಇಂಥ ತಿಂಗಳಿಂದ ಸ್ವಂತ ಕೆಲಸ ಶುರು ಮಾಡಿದ್ದೇನೆ ಎಂದು ಬರೆದು ಕೊಡಲಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬರಲಿ. ಕೆಲಸ ಶುರುವಾದ ಮೇಲೆ ಬಂದ ಕಂತನ್ನು ಸರ್ಕಾರ ವಾಪಸ್ ಕೇಳಬಹುದು, ಅದನ್ನು ಖರ್ಚು ಮಾಡದೆ ಇಟ್ಟಿರಿ.

ಇಪ್ಪತ್ತೆರಡರ ಹುಡುಗಿಗೆ ಈ ಮಾತು ಹೇಳಲು ನನಗೆ ಬೇಸರವಾಗುತ್ತದೆ. ಮೆಹಂದಿಯ ಸೀಸನ್ ಎಷ್ಟು ದಿನದ್ದು? ಆಷಾಢದಲ್ಲಿ ಮದುವೆಯೇ ಇಲ್ಲ. ಏಪ್ರಿಲ್, ಮೇನಲ್ಲಿ ದುಡಿದವಳು ಜುಲೈನಲ್ಲಿ ಖಾಲಿ ಕೈ. ನಮ್ಮ ನಿಯಮಕ್ಕೆ ‘ಕೆಲಸ ಇದೆ’, ‘ಕೆಲಸ ಇಲ್ಲ’ ಎಂಬ ಎರಡೇ ಮಾತು ಗೊತ್ತು. ‘ಅರ್ಧ ಕೆಲಸ ಇದೆ’ ಎನ್ನಲು ಜಾಗವೇ ಇಲ್ಲ. ಬ್ರಿಟನ್‌ನಲ್ಲಿ ಯೂನಿವರ್ಸಲ್ ಕ್ರೆಡಿಟ್ ಎಂಬ ನೆರವಿದೆ. ಸ್ವಂತ ಕೆಲಸದವರು ಪ್ರತಿ ತಿಂಗಳು ಆದಾಯ, ಖರ್ಚು ಎರಡನ್ನೂ ತಿಳಿಸುತ್ತಾರೆ. ಲೆಕ್ಕಕ್ಕೆ ಬರುವ ಒಂದು ಪೌಂಡ್, ಅಂದರೆ 100 ಪೆನ್ಸ್ ಗಳಿಸಿದರೆ ನೆರವಿನಲ್ಲಿ 55 ಪೆನ್ಸ್ ಕಡಿಮೆಯಾಗುತ್ತದೆ. ದುಡಿದರೆ ಕೈಯಲ್ಲಿ ಒಂದಿಷ್ಟು ಜಾಸ್ತಿಯೇ ಉಳಿಯುತ್ತದೆ. ಅಲ್ಲಿಯೂ ಕುಂದಿದೆ. ಮೊದಲ ವರ್ಷ ಕಳೆದ ಮೇಲೆ, ನಿಜವಾಗಿ ಕಡಿಮೆ ಗಳಿಸಿದರೂ ಕನಿಷ್ಠ ವೇತನದಷ್ಟು ಗಳಿಸಿದ್ದೀರಿ ಎಂದೇ ಅನೇಕರ ಲೆಕ್ಕ ಹಾಕುತ್ತಾರೆ. ಮಳೆಗಾಲ ನೋಡಿ ಬದುಕುವ ನಮ್ಮ ಕರಾವಳಿಗೆ ಅದು ಹೊಂದುವುದಿಲ್ಲ. ಆದರೆ ಗಳಿಕೆ ಏರಿದಂತೆ ನೆರವು ನಿಧಾನಕ್ಕೆ ಇಳಿಯಬೇಕು ಎಂಬ ಮಾತು ಸರಿ. ಯುವನಿಧಿಗೂ ಹಾಗೆ ಮಾಡಿದರೆ ನಿಮ್ಮ ಮಗಳು ಸತ್ಯ ಹೇಳಿಯೂ ಕಲಿತ ಕೆಲಸ ಮುಂದುವರಿಸಬಹುದು. ಇದನ್ನು ನಮ್ಮ ಶಾಸಕರು ವಿಧಾನಸಭೆಯಲ್ಲಿ ಎತ್ತಬೇಕು.

ಪಕ್ಕದ ಮನೆಯವರ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ಅವರಿಗೂ ಈ ನಿಯಮಗಳನ್ನು ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ಈ ಪುಟ ಅವರಿಗೂ ಕೊಡಿ.

ಚೌತಿ ಹತ್ತಿರ ಬಂತು. ಈಗ ಜಾಕೀಟಿನ ರಾಶಿ ಬೀಳುವ ಹೊತ್ತು. ಕ್ಯೂಆರ್ ಕೋಡನ್ನು ಮತ್ತೆ ಬಾಗಿಲಿಗೆ ಅಂಟಿಸಿ. ಲೆಕ್ಕದ ಪುಸ್ತಕವನ್ನು ಈ ತಿಂಗಳಿಂದಲೇ ಶುರು ಮಾಡಿ. ಮಗಳ ಪತ್ರಕ್ಕೆ ಕಾರವಾರದಲ್ಲಿ ಏನು ಉತ್ತರ ಕೊಟ್ಟರು ಎಂದು ನನಗೆ ಬರೆಯಿರಿ.

– ಸಂಪಾದಕ